ಹತ್ತನೇ ತರಗತಿಯ ನಂತರ ಅರ್ಧ ಪಾಠ, ಅರ್ಧ ಕಾರ್ಖಾನೆ

ತರಗತಿಯ ಪಾಠವನ್ನೂ ಕೆಲಸದ ಜಾಗದ ಕಲಿಕೆಯನ್ನೂ ಒಟ್ಟಿಗೆ ಕೊಡುವ ವೃತ್ತಿಶಿಕ್ಷಣಕ್ಕೆ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರ ಮುಂದೆ ಮುಖ್ಯವಾಗಿ ಮೂರು ಹಾದಿಗಳಿವೆ: ಐಟಿಐ, ಟೂಲ್ ರೂಮ್ ಮಾದರಿಯ ಡಿಪ್ಲೊಮಾ ಮತ್ತು ಅಪ್ರೆಂಟಿಸ್ ತರಬೇತಿ. ಮೂರಕ್ಕೂ ಪ್ರವೇಶದ ಕ್ರಮ ಬೇರೆ, ಕಾರ್ಖಾನೆಯಲ್ಲಿ ಕಳೆಯುವ ಅವಧಿ ಬೇರೆ, ಕೊನೆಗೆ ಸಿಗುವ ಪ್ರಮಾಣಪತ್ರವೂ ಬೇರೆ. ಮನೆಗಳಲ್ಲಿ ಈ ಕುರಿತ ಮಾತು ಯಾವ ಕಾಲೇಜು, ಎಷ್ಟು ಫೀಸು ಎಂಬಲ್ಲಿಗೇ ಮುಗಿದುಬಿಡುತ್ತದೆ. ಕೋರ್ಸಿನ ಎಷ್ಟು ಭಾಗ ಕಾರ್ಖಾನೆಯಲ್ಲಿ ನಡೆಯುತ್ತದೆ, ಅಲ್ಲಿ ಕಲಿಸುವವರು ಯಾರು, ಪ್ರಮಾಣಪತ್ರ ಕೊಡುವವರು ಯಾರು ಎಂದು ಕೇಳುವವರು ಕಡಿಮೆ. ಕೆಲಸ ಸಿಗುವುದೂ ಬಿಡುವುದೂ ಬಹುಪಾಲು ಈ ಮೂರು ಪ್ರಶ್ನೆಗಳ ಮೇಲೆಯೇ ನಿಂತಿದೆ.

ಐಟಿಐ: ಎರಡು ವರ್ಷದಲ್ಲಿ ಏನಿರುತ್ತದೆ

ಕೈಗಾರಿಕಾ ತರಬೇತಿ ಸಂಸ್ಥೆಗಳು ನಡೆಯುವುದು 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ. ಪಠ್ಯಕ್ರಮ ಮತ್ತು ಪರೀಕ್ಷೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ್ದು. ರಾಜ್ಯದಲ್ಲಿ ಪ್ರವೇಶ ಮತ್ತು ಆಡಳಿತವನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ನೋಡಿಕೊಳ್ಳುತ್ತದೆ. ಸೇರುವವರಿಗೆ 14 ವರ್ಷ ತುಂಬಿರಬೇಕು. ಪ್ರವೇಶ ಪರೀಕ್ಷೆ ಇಲ್ಲ. ಆನ್‌ಲೈನ್ ಅರ್ಜಿ ಪಡೆದು ಅಂಕ ಮತ್ತು ಮೀಸಲಾತಿಯ ಆಧಾರದಲ್ಲಿ ಸೀಟು ಹಂಚುತ್ತಾರೆ.

ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ಇವು ಎರಡು ವರ್ಷದ ಟ್ರೇಡ್‌ಗಳು. ವೆಲ್ಡರ್, ಡೀಸೆಲ್ ಮೆಕ್ಯಾನಿಕ್ ಮತ್ತು ಎಲ್ಲರೂ 'ಕೋಪಾ' ಎಂದು ಕರೆಯುವ ಕಂಪ್ಯೂಟರ್ ಕೋರ್ಸು ಒಂದು ವರ್ಷದವು. ವೆಲ್ಡರ್, ವೈರ್‌ಮನ್‌ನಂಥ ಕೆಲವಕ್ಕೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ಎಡವಿದ ಮಕ್ಕಳ ಮನೆಯವರಿಗೆ ಈ ವಿಷಯ ಎಷ್ಟೋ ಬಾರಿ ತಿಳಿದೇ ಇರುವುದಿಲ್ಲ.

ಮೊದಲ ವರ್ಷದ ಫಿಟ್ಟರ್ ವರ್ಕ್‌ಷಾಪಿಗೆ ಕಾಲಿಟ್ಟರೆ ಈ ಓದಿನ ಸ್ವರೂಪ ಗೊತ್ತಾಗುತ್ತದೆ. ಬೆಂಚಿನ ಉದ್ದಕ್ಕೂ ವೈಸ್‌ಗಳು, ಒಂದೊಂದರಲ್ಲೂ ಒಂದು ಕಬ್ಬಿಣದ ಪಟ್ಟಿ. ವಿದ್ಯಾರ್ಥಿ ಅದನ್ನು ಹ್ಯಾಕ್ಸಾದಿಂದ ಕತ್ತರಿಸಿ, ಅರ ಹಿಡಿದು ಉಜ್ಜಿ, ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾನೆ. ಅಂಚಿನ ಕೆಳಗೆ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಅಳತೆ ನೋಡುವುದು 0.02 ಮಿಲಿಮೀಟರ್‌ವರೆಗೆ ತೋರಿಸುವ ವರ್ನಿಯರ್ ಕ್ಯಾಲಿಪರ್‌ನಲ್ಲಿ. ಒಂದು ಚೌಕದೊಳಗೆ ಇನ್ನೊಂದು ಚೌಕ ಸಡಿಲವಿಲ್ಲದೆ ಕೂರುವಂತೆ ಮಾಡುವ ಜಾಬ್‌ಗೆ ಹೊಸಬರಿಗೆ ದಿನಗಟ್ಟಲೆ ಬೇಕಾಗುತ್ತದೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ಕಾಲದಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಲೋಹದ ಗುಣ ಮತ್ತು ಅಳತೆಯ ಶಿಸ್ತು ಕೈಗೆ ಹತ್ತುವುದು ಈ ಉಜ್ಜಾಟದಲ್ಲೇ. ಆದರೆ ಎರಡು ವರ್ಷವೂ ಇದರಲ್ಲೇ ಕಳೆದು ಹೊರಬಂದವರು ಕಾರ್ಖಾನೆಯ ಬಾಗಿಲಲ್ಲಿ ತಬ್ಬಿಬ್ಬಾಗುತ್ತಾರೆ. ಅಲ್ಲಿ ಒಂದು ಬಿಡಿಭಾಗ ತಯಾರಾಗುವ ಕಾಲವನ್ನು ಸೆಕೆಂಡಿನಲ್ಲಿ ಎಣಿಸುತ್ತಾರೆ. ಶಿಫ್ಟಿನ ಮೊದಲ ಪೀಸು ತಪಾಸಣೆಯಲ್ಲಿ ಪಾಸಾಗದೆ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಕೆಟ್ಟ ಪೀಸಿನ ಲೆಕ್ಕವನ್ನೂ ಬರೆದಿಡಬೇಕು.

ಈ ಅಂತರ ತಗ್ಗಿಸಲೆಂದೇ ಪಠ್ಯಕ್ರಮ ಬದಲಾಗಿದೆ. 2022ರ ಪರಿಷ್ಕರಣೆಯ ಪ್ರಕಾರ ವರ್ಷಕ್ಕೆ 1,200 ಗಂಟೆಗಳ ತರಬೇತಿಯ ಜೊತೆಗೆ 150 ಗಂಟೆ ಹತ್ತಿರದ ಕೈಗಾರಿಕೆಯಲ್ಲಿ ಕೆಲಸದ ತರಬೇತಿ ಕಡ್ಡಾಯ. ಸುತ್ತಮುತ್ತ ಅಂಥ ಕೈಗಾರಿಕೆ ಇಲ್ಲದಿದ್ದರೆ ಮಾತ್ರ ಅದರ ಬದಲಿಗೆ ಗುಂಪು ಪ್ರಾಜೆಕ್ಟ್. ಸಂಸ್ಥೆ ಈ 150 ಗಂಟೆಗೆ ಮಕ್ಕಳನ್ನು ಎಲ್ಲಿಗೆ ಕಳಿಸುತ್ತದೆ, ಅಥವಾ ಸದಾ ಪ್ರಾಜೆಕ್ಟಿನ ಹೆಸರಲ್ಲೇ ಮುಗಿಸುತ್ತದೆಯೇ ಎಂಬುದನ್ನು ಸೇರುವ ಮೊದಲೇ ಹಿಂದಿನ ಬ್ಯಾಚಿನ ಹುಡುಗರನ್ನು ಕೇಳಿ ತಿಳಿಯಬಹುದು. ಸಂಸ್ಥೆಯ ಕರಪತ್ರಕ್ಕಿಂತ ಅವರ ಮಾತು ನಂಬಿಕಸ್ಥ.

ದ್ವಿಮುಖ ತರಬೇತಿ ಮತ್ತು ಜರ್ಮನಿಯ ನಂಟು

ಐಟಿಐ ಒಳಗೇ ಇನ್ನೂ ಹೆಚ್ಚು ಕಾರ್ಖಾನೆ ಕಲಿಕೆ ಬೇಕೆನ್ನುವವರಿಗೆ 2016ರಲ್ಲಿ ಶುರುವಾದ ಡ್ಯುಯಲ್ ಸಿಸ್ಟಮ್ ಆಫ್ ಟ್ರೇನಿಂಗ್ ಇದೆ. ಹೆಚ್ಚಿನವರು ಇದನ್ನು ಡಿಎಸ್‌ಟಿ ಎನ್ನುತ್ತಾರೆ. ಐಟಿಐ ಮತ್ತು ಒಂದು ಕೈಗಾರಿಕೆ ಒಪ್ಪಂದ ಮಾಡಿಕೊಂಡು ಪಠ್ಯವನ್ನು ಹಂಚಿಕೊಳ್ಳುತ್ತವೆ. ಒಂದು ವರ್ಷದ ಟ್ರೇಡಿನಲ್ಲಿ 3ರಿಂದ 6 ತಿಂಗಳು, ಎರಡು ವರ್ಷದ ಟ್ರೇಡಿನಲ್ಲಿ 6ರಿಂದ 12 ತಿಂಗಳು ವಿದ್ಯಾರ್ಥಿ ಕೈಗಾರಿಕೆಯಲ್ಲಿರುತ್ತಾನೆ. ಪರೀಕ್ಷೆಯೂ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರವೂ ಉಳಿದವರಿಗೆ ಇರುವಂಥವೇ.

ಇದರ ಮಾದರಿ ಜರ್ಮನಿಯದು. ಅಲ್ಲಿ ಹದಿಹರೆಯದ ಹುಡುಗ ಮೊದಲು ಕಂಪನಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಒಂದೆರಡು ದಿನ ವೃತ್ತಿಶಾಲೆಯಲ್ಲಿ ಕಲಿಯುತ್ತಾನೆ. ಹೆಚ್ಚಿನ ವೃತ್ತಿಗಳಲ್ಲಿ ಈ ಕಲಿಕೆ ಮೂರು, ಮೂರೂವರೆ ವರ್ಷದ್ದು. ಕೊನೆಯ ಪರೀಕ್ಷೆಯನ್ನು ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗಳು ನಡೆಸುತ್ತವೆ. ಇದಕ್ಕೆಲ್ಲ ಆಧಾರವಾಗಿ 1969ರಲ್ಲಿ ಮಾಡಿದ ವೃತ್ತಿಶಿಕ್ಷಣ ಕಾನೂನಿದೆ. ನಮ್ಮಲ್ಲಿ ಸಂಸ್ಥೆ ಮೊದಲು, ಕಾರ್ಖಾನೆ ಆಮೇಲೆ. ಹೀಗಾಗಿ ಕಂಪನಿಗೆ ವಿದ್ಯಾರ್ಥಿ ತನ್ನವನೆಂಬ ಭಾವ ಬರುವುದು ತಡ. ಡಿಎಸ್‌ಟಿ ನಿರೀಕ್ಷಿಸಿದಷ್ಟು ಹರಡದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಬೆಂಗಳೂರಿಗೆ ಜರ್ಮನಿಯ ಈ ನಂಟು ಹೊಸದಲ್ಲ. 1971ರಲ್ಲಿ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ನೆರವಿನಿಂದ ಇಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಶುರುವಾಯಿತು. ಹಿಂದೆ ಮೈಕೋ ಎನಿಸಿಕೊಂಡಿದ್ದ ಬಾಷ್ ಕಂಪನಿಯ ತರಬೇತಿ ಕೇಂದ್ರ ಅದಕ್ಕೂ ಹಳೆಯದು.

ಯಂತ್ರಗಳ ವಿಷಯದಲ್ಲಿ ರಾಜ್ಯದ ಸರ್ಕಾರಿ ಐಟಿಐಗಳು ಈಗ ಹಿಂದಿನಂತಿಲ್ಲ. ಟಾಟಾ ಟೆಕ್ನಾಲಜೀಸ್ ಮುಂತಾದ ಕಂಪನಿಗಳ ಸಹಭಾಗಿತ್ವದಲ್ಲಿ 150 ಸರ್ಕಾರಿ ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಸಿಎನ್‌ಸಿ ಯಂತ್ರಗಾರಿಕೆ, ಕೈಗಾರಿಕಾ ರೋಬಾಟಿಕ್ಸ್, ವಿದ್ಯುತ್ ವಾಹನ ಮೆಕ್ಯಾನಿಕ್‌ನಂಥ ಹೊಸ ಟ್ರೇಡ್‌ಗಳು ಬಂದದ್ದು ಈ ಯೋಜನೆಯಿಂದ. ತಾಲ್ಲೂಕು ಕೇಂದ್ರದ ಹುಡುಗನಿಗೂ ಇಂಥ ಯಂತ್ರ ಮುಟ್ಟುವ ಅವಕಾಶ ಸಿಕ್ಕಿರುವುದು ಸಣ್ಣ ಮಾತಲ್ಲ. ಆದರೂ ಯಂತ್ರ ಇರುವುದು ಬೇರೆ, ಅದು ದಿನವೂ ಓಡುವುದು ಬೇರೆ. ಪ್ರವೇಶಕ್ಕೆ ಮುನ್ನ ಒಂದು ದಿನ ಹೋಗಿ ಯಂತ್ರದ ಮುಂದೆ ಮಕ್ಕಳು ನಿಂತು ಕೆಲಸ ಮಾಡುತ್ತಿದ್ದಾರೋ, ಅದು ಹೊದಿಕೆ ಹೊದ್ದು ನಿಂತಿದೆಯೋ ನೋಡಿಕೊಂಡು ಬರುವುದು ಒಳ್ಳೆಯದು.

ಟೂಲ್ ರೂಮ್ ಡಿಪ್ಲೊಮಾ

ಸಾಮಾನ್ಯ ಪಾಲಿಟೆಕ್ನಿಕ್ ಡಿಪ್ಲೊಮಾದಲ್ಲಿ ತರಗತಿಯ ಪಾಲು ದೊಡ್ಡದು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಂದರೆ ಜಿಟಿಟಿಸಿ, ಇದನ್ನು ತಲೆಕೆಳಗು ಮಾಡಿದ ಸಂಸ್ಥೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಆರಂಭವಾದ ಇದಕ್ಕೆ ಈಗ ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಕಲಬುರಗಿ, ದಾಂಡೇಲಿ, ಕೂಡಲಸಂಗಮ, ಮದ್ದೂರು ಸೇರಿ ಹಲವು ಕಡೆ ಕೇಂದ್ರಗಳಿವೆ. ಇಲ್ಲಿನ ಹೆಸರುವಾಸಿ ಕೋರ್ಸು ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಕೇಂದ್ರದಲ್ಲಿ, ನಾಲ್ಕನೆಯ ವರ್ಷ ಪೂರ್ತಿ ಕೈಗಾರಿಕೆಯಲ್ಲಿ. ಜಿಟಿಟಿಸಿ ಸ್ವತಃ ಕೈಗಾರಿಕೆಗಳಿಗೆ ಅಚ್ಚು, ಡೈ, ಬಿಡಿಭಾಗ ಮಾಡಿಕೊಡುವುದರಿಂದ ಮೊದಲ ಮೂರು ವರ್ಷವೂ ವಿದ್ಯಾರ್ಥಿ ನಿಜವಾದ ಆರ್ಡರ್‌ಗಳ ನಡುವೆಯೇ ಇರುತ್ತಾನೆ. ಉಳಿದವರಿಗಿಂತ ಒಂದು ವರ್ಷ ಹೆಚ್ಚು ಎಂದು ಹಿಂಜರಿಯುವ ಪೋಷಕರಿದ್ದಾರೆ. ಟೂಲ್ ಮೇಕರ್‌ಗಳಿಗೆ ಇರುವ ಬೇಡಿಕೆ ನೋಡಿದರೆ ಆ ವರ್ಷ ನಷ್ಟವೆನ್ನುವಂತಿಲ್ಲ.

ಖಾಸಗಿಯಲ್ಲಿ ಇದೇ ಬಗೆಯ ತರಬೇತಿಗೆ ಎನ್‌ಟಿಟಿಎಫ್ ಹಳೆಯ ಹೆಸರು. ಸ್ವಿಸ್ ನೆರವಿನಿಂದ 1959ರಲ್ಲಿ ಕೇರಳದ ತಲಶ್ಶೇರಿ ಬಳಿ ಹುಟ್ಟಿದ ಈ ಸಂಸ್ಥೆ ಈಗ ಪೀಣ್ಯದಲ್ಲಿ ನೆಲೆಯೂರಿದೆ. ಫೀಸು ಸರ್ಕಾರಿ ಸಂಸ್ಥೆಗಳಿಗಿಂತ ಹೆಚ್ಚು. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಬಡ ಮಕ್ಕಳಿಗೆ ಮೂರು ವರ್ಷದ ವಸತಿ ತರಬೇತಿ ಕೊಡುತ್ತಿದೆ. ಸೀಟು ಕಡಿಮೆ, ಪೈಪೋಟಿ ಹೆಚ್ಚು. ಹಾಗಾಗಿ ಹತ್ತನೇ ತರಗತಿಯಲ್ಲಿರುವಾಗಲೇ ಅದರ ಪ್ರಕಟಣೆಯ ಮೇಲೆ ಕಣ್ಣಿಡಬೇಕು.

ಅಪ್ರೆಂಟಿಸ್: ಸಂಬಳವಲ್ಲ, ಶಿಷ್ಯವೇತನ

ಮೂರನೆಯ ಹಾದಿಗೆ ಕಾನೂನಿನ ಬೆಂಬಲವಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 14 ವರ್ಷ ತುಂಬಿದವರು ಅಪ್ರೆಂಟಿಸ್ ಆಗಬಹುದು. ಅಪಾಯಕಾರಿ ಕೈಗಾರಿಕೆಗಳಲ್ಲಿ 18 ತುಂಬಿರಬೇಕು. 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಗುತ್ತಿಗೆ ನೌಕರರೂ ಸೇರಿ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಎಂಬುದು ನಿಯಮ. ನಾಲ್ಕರಿಂದ 29 ಮಂದಿ ಇರುವ ಸಣ್ಣ ಘಟಕಗಳಿಗೆ ಇದು ಅವರವರ ಇಷ್ಟ.

ಅಪ್ರೆಂಟಿಸ್ ಆಗುವುದಕ್ಕೆ ಐಟಿಐ ಮುಗಿಸಿರಲೇಬೇಕು ಎಂಬ ತಪ್ಪು ತಿಳಿವಳಿಕೆ ಬಲವಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರೂ ನೇರವಾಗಿ ಸೇರಬಹುದು. ಅಂಥವರಿಗೆ ಮೊದಲು ಮೂಲ ತರಬೇತಿ, ಆಮೇಲೆ ಶಾಪ್ ಫ್ಲೋರ್. ಐಟಿಐ ಮುಗಿಸಿದವರಿಗೆ ಮೂಲ ತರಬೇತಿ ಬೇಕಿಲ್ಲ, ಸಾಮಾನ್ಯವಾಗಿ ಒಂದು ವರ್ಷದಲ್ಲಿ ಮುಗಿಯುತ್ತದೆ. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ನಿಗದಿತ ಟ್ರೇಡ್‌ಗಳಲ್ಲಿ ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಪಾಸಾದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರಮಾಣಪತ್ರ ಸಿಗುತ್ತದೆ. ಅಂಗಡಿ, ಹೋಟೆಲು, ಉಗ್ರಾಣದಂಥ ಕಡೆಗಳಲ್ಲಿ ಐಚ್ಛಿಕ ಟ್ರೇಡ್‌ಗಳಿವೆ. ಇವುಗಳ ಅವಧಿ 6ರಿಂದ 36 ತಿಂಗಳು.

ಶಿಷ್ಯವೇತನಕ್ಕೆ 2019ರ ನಿಯಮಗಳು ಕನಿಷ್ಠ ಮೊತ್ತ ಗೊತ್ತುಮಾಡಿವೆ: ತಿಂಗಳಿಗೆ ಎಸ್ಸೆಸ್ಸೆಲ್ಸಿ ಆದವರಿಗೆ 6,000 ರೂಪಾಯಿ, ಪಿಯು ಅಥವಾ ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಏರಿಕೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಷಿಪ್ ಮಂಡಳಿ ಇದನ್ನು ಶೇ 36ರಷ್ಟು ಹೆಚ್ಚಿಸಲು ಶಿಫಾರಸು ಮಾಡಿತು. ಹೀಗಾಗಿ ಸಹಿ ಹಾಕುವ ದಿನ ಜಾರಿಯಲ್ಲಿರುವ ಮೊತ್ತ ಎಷ್ಟೆಂದು ಅಪ್ರೆಂಟಿಸ್‌ಷಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಿಕೊಳ್ಳಬೇಕು. ಇವೆಲ್ಲ ಕನಿಷ್ಠ ಮೊತ್ತಗಳು. ಹೆಚ್ಚು ಕೊಡುವ ಕಂಪನಿಗಳೂ ಇವೆ. ಆಯಾ ತಿಂಗಳ ಹಣ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಸೇರಬೇಕು. ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರೋತ್ಸಾಹ ಯೋಜನೆಯಡಿ ಕೇಂದ್ರ ಸರ್ಕಾರ ಶಿಷ್ಯವೇತನದ ಶೇ 25ರಷ್ಟನ್ನು, ಗರಿಷ್ಠ 1,500 ರೂಪಾಯಿಯಂತೆ, ನೇರವಾಗಿ ಅಪ್ರೆಂಟಿಸ್‌ನ ಖಾತೆಗೆ ಹಾಕುತ್ತದೆ. ಆಧಾರ್ ಜೋಡಣೆಯಾಗದ ಖಾತೆ ಕೊಟ್ಟು ಈ ಹಣಕ್ಕಾಗಿ ಕಾಯುವವರು ಕಡಿಮೆಯಿಲ್ಲ.

ಆರೇಳು ಸಾವಿರದಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿ ಊಟ ಮಾಡುವುದು ಕಷ್ಟ. ನರಸಾಪುರ, ಬಿಡದಿಯ ದೊಡ್ಡ ಕಾರ್ಖಾನೆಗಿಂತ ಮನೆಯಿಂದ ಓಡಾಡಬಹುದಾದ ಬೆಳಗಾವಿಯ ಉದ್ಯಮಬಾಗ್, ಧಾರವಾಡದ ಬೇಲೂರು ಅಥವಾ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಘಟಕ ಎಷ್ಟೋ ಸಲ ಮೇಲು. ದೂರದ ಕಂಪನಿಯಾದರೆ ಕ್ಯಾಂಟೀನ್ ಮತ್ತು ಬಸ್ ಇದೆಯೇ ಎಂದು ಮೊದಲು ಕೇಳಬೇಕು. ಕೈಯಲ್ಲಿ ಉಳಿಯುವ ಹಣವನ್ನು ನಿರ್ಧರಿಸುವುದು ಅವೆರಡೇ.

ಒಪ್ಪಂದದಲ್ಲಿ ನೋಡಬೇಕಾದದ್ದು

ಅಪ್ರೆಂಟಿಸ್‌ಗೂ ಮಾಲೀಕರಿಗೂ ಲಿಖಿತ ಒಪ್ಪಂದ ಆಗಲೇಬೇಕು, ಅದು ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಹುಡುಗ 18 ದಾಟಿರದಿದ್ದರೆ ತಂದೆ, ತಾಯಿ ಅಥವಾ ಪೋಷಕರ ಸಹಿ ಬೇಕು. ನೋಂದಣಿ ಇಲ್ಲದೆ 'ಟ್ರೇನಿ' ಎಂಬ ಹೆಸರಿನಲ್ಲಿ ದುಡಿಸಿಕೊಳ್ಳುವ ಘಟಕಗಳಿವೆ. ಅಲ್ಲಿ ವರ್ಷ ಕಳೆದರೂ ಪರೀಕ್ಷೆಗೆ ಕೂರಲಾಗದು, ಪ್ರಮಾಣಪತ್ರವೂ ಬಾರದು. ಒಪ್ಪಂದದ ಸಂಖ್ಯೆ, ಟ್ರೇಡಿನ ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ, ಶಿಷ್ಯವೇತನ ಈ ನಾಲ್ಕೂ ಸ್ಪಷ್ಟವಾಗಿರಬೇಕು. ಫಿಟ್ಟರ್ ಎಂದು ಬರೆಸಿಕೊಂಡು ವರ್ಷವಿಡೀ ಪ್ಯಾಕಿಂಗ್‌ನಲ್ಲಿ ನಿಲ್ಲಿಸಿದರೆ ಅದು ತರಬೇತಿಯಲ್ಲ, ಅಗ್ಗದ ಕೂಲಿ. ಇದನ್ನು ತೋರಿಸಿಕೊಡಲು ಒಳ್ಳೆಯ ಸಾಕ್ಷಿ ಟ್ರೇಡ್ ಅಪ್ರೆಂಟಿಸ್ ಇಡಬೇಕಾದ ದಿನವಹಿ ಕೆಲಸದ ಪುಸ್ತಕ. ಹುಡುಗರು ಅದನ್ನು ತಿಂಗಳ ಕೊನೆಗೆ ಒಟ್ಟಿಗೆ ಬರೆದು ಮುಗಿಸುವುದೇ ಹೆಚ್ಚು. ದಿನದಿನವೇ ಬರೆದು ಸೂಪರ್‌ವೈಸರ್ ಸಹಿ ಪಡೆದರೆ ದೂರು ಕೊಡುವಾಗಲೂ ನೆರವಾಗುತ್ತದೆ, ಮುಂದೆ ಸಂದರ್ಶನದಲ್ಲಿ ತೋರಿಸಲೂ ಬರುತ್ತದೆ.

ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ. ಪಿಎಫ್, ಇಎಸ್‌ಐ ಕಡಿತವಿಲ್ಲ, ಆ ಸೌಲಭ್ಯಗಳೂ ಇಲ್ಲ. ಆದರೆ ಕಾರ್ಖಾನೆಯ ಆರೋಗ್ಯ, ಸುರಕ್ಷತೆ, ಕಲ್ಯಾಣದ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುತ್ತವೆ, ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದು. ಸುರಕ್ಷತಾ ಶೂ, ಕನ್ನಡಕ, ಕೈಗವಸು ಕೊಡದೆ ಯಂತ್ರದ ಮುಂದೆ ನಿಲ್ಲಿಸುವ ಕಡೆ ಹುಡುಗನನ್ನು ಬಿಡಲೇಬಾರದು. ಒಪ್ಪಂದವನ್ನು ನಡುವೆ ಮುರಿದರೆ ಮುರಿದವರು ಪರಿಹಾರ ತೆರಬೇಕಾಗಬಹುದು. ಆದ್ದರಿಂದ ಬೇರೆ ಕಡೆ ಸಂಬಳ ಸಿಕ್ಕಿತೆಂದು ಹೇಳದೆ ಕೇಳದೆ ಹೊರಟುಬಿಡುವುದು ತಪ್ಪು. ತರಬೇತಿ ಮುಗಿಸಿದವರಿಗೆಲ್ಲ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಕಾಯ್ದೆಯಲ್ಲಿಲ್ಲ. ನೇಮಕಾತಿಯ ನೀತಿ ಆಯಾ ಸಂಸ್ಥೆಯದೇ. 'ಅಪ್ರೆಂಟಿಸ್ ಆದರೆ ಪರ್ಮನೆಂಟ್ ಗ್ಯಾರಂಟಿ' ಎಂದು ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಬೆಲೆ ಕೊಡಬೇಕಿಲ್ಲ.

ಕೆಲಸದ ಖಾತರಿಗೆ ಅಷ್ಟಿಷ್ಟು ಹತ್ತಿರ ಬರುವುದು ರೈಲ್ವೆ. ನೈರುತ್ಯ ರೈಲ್ವೆ ಹುಬ್ಬಳ್ಳಿ ಮತ್ತು ಮೈಸೂರಿನ ಕಾರ್ಯಾಗಾರಗಳಿಗೆ, ವಿಭಾಗಗಳಿಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ. ಲಿಖಿತ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿಯೇ ಆಧಾರ. ಹೀಗೆ ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 ಹುದ್ದೆಗಳ ನೇಮಕಾತಿಯಲ್ಲಿ ಶೇ 20 ಮೀಸಲಿದೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್, ಕೆಎಸ್‌ಆರ್‌ಟಿಸಿ ಕೂಡ ಅಪ್ರೆಂಟಿಸ್‌ಗಳನ್ನು ಆಹ್ವಾನಿಸುತ್ತವೆ. ನೇಮಕವಾಗದಿದ್ದರೂ ಅಲ್ಲಿನ ಪ್ರಮಾಣಪತ್ರಕ್ಕೆ ಖಾಸಗಿ ಕಂಪನಿಗಳಲ್ಲಿ ಮನ್ನಣೆಯಿದೆ.

ಮುಂದೆ ಓದುವ ಬಾಗಿಲು

ಐಟಿಐಗೆ ಸೇರಿದರೆ ಓದು ಅಲ್ಲಿಗೇ ಮುಗಿಯಿತು ಎಂಬ ಭಯ ಹಳೆಯದು. ಎರಡು ವರ್ಷದ ಐಟಿಐ ಆದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ನಿಗದಿತ ಭಾಷೆ ಮತ್ತು ವಿಷಯಗಳನ್ನು ಪಾಸು ಮಾಡಿಕೊಂಡರೆ ಐಟಿಐ ಜೊತೆಗೆ ಹನ್ನೆರಡನೇ ತರಗತಿಯ ಸಮಾನತೆಯೂ ಸಿಗುತ್ತದೆ. ಕಲಿಸುವ ಒಲವಿದ್ದವರಿಗೆ ಬೆಂಗಳೂರಿನ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಬೋಧಕರ ಒಂದು ವರ್ಷದ ತರಬೇತಿಯಿದೆ. ಹೊಸೂರು ರಸ್ತೆಯಲ್ಲಿ ಹೆಣ್ಣುಮಕ್ಕಳಿಗೇ ಪ್ರತ್ಯೇಕವಾದ ರಾಷ್ಟ್ರೀಯ ಸಂಸ್ಥೆಯೂ ಇದೆ. ಎಲೆಕ್ಟ್ರಾನಿಕ್ಸ್ ಮತ್ತು ಜೋಡಣೆಯ ಕಾರ್ಖಾನೆಗಳು ಹೆಣ್ಣುಮಕ್ಕಳನ್ನೇ ಹೆಚ್ಚಾಗಿ ತೆಗೆದುಕೊಳ್ಳುತ್ತಿರುವಾಗ ಅವರನ್ನು ಹೊಲಿಗೆ ಮತ್ತು ಕಂಪ್ಯೂಟರ್ ಕೋರ್ಸಿಗಷ್ಟೇ ಕಳಿಸುವ ರೂಢಿ ಬಿಡುವ ಕಾಲ ಬಂದಿದೆ.

ಸೇರುವ ಮುನ್ನ

ಖಾಸಗಿ ಐಟಿಐಗೆ ಸೇರುವುದಾದರೆ ಆ ಸಂಸ್ಥೆಗಲ್ಲ, ಬೇಕಾದ ಟ್ರೇಡಿಗೆ ಸಂಯೋಜನೆ ಇದೆಯೇ ಎಂದು ಸರ್ಕಾರದ ಸ್ಕಿಲ್ ಇಂಡಿಯಾ ಪೋರ್ಟಲ್‌ನಲ್ಲಿ ನೋಡಬೇಕು. ಒಂದೇ ಸಂಸ್ಥೆಯಲ್ಲಿ ಒಂದು ಟ್ರೇಡಿಗೆ ಮಾನ್ಯತೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಟ್ರೇಡನ್ನು ಆರಿಸುವಾಗ ಗೆಳೆಯರು ಸೇರಿದ್ದನ್ನು ನೋಡುವ ಬದಲು ಸುತ್ತಲಿನ ಕೈಗಾರಿಕೆಯನ್ನು ನೋಡುವುದು ಲೇಸು. ಎರಕದ ಕಾರ್ಖಾನೆಗಳ ಬೆಳಗಾವಿಯಲ್ಲಿ ಮೆಷಿನಿಸ್ಟ್‌ಗೆ ಇರುವ ಅವಕಾಶ ಕರಾವಳಿಯಲ್ಲಿ ಇರಲಾರದು. ಎಲೆಕ್ಟ್ರಿಷಿಯನ್‌ಗೆ ಮಾತ್ರ ಯಾವ ಊರಾದರೂ ಸರಿ, ಸ್ವಂತ ಕೆಲಸವಾದರೂ ಸಿಗುತ್ತದೆ. ದಾಖಲೆಗಳಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕು. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರು ಶಾಲೆಯಿಂದ ಆ ಪತ್ರಗಳನ್ನು ಫಲಿತಾಂಶ ಬಂದ ವಾರದಲ್ಲೇ ಪಡೆದಿಟ್ಟುಕೊಳ್ಳಬೇಕು. ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್‌ನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಮುಂದೆ ನೋಂದಣಿಗೆ ತೊಡಕು. ಅದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಐಟಿಐ ಮತ್ತು ಡಿಪ್ಲೊಮಾ ಪ್ರವೇಶ ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಲ್ಲೇ ಶುರುವಾಗಿ ಕೆಲವು ಸುತ್ತುಗಳಲ್ಲಿ ಮುಗಿದುಹೋಗುತ್ತದೆ. ಆ ಗಡುವು ತಪ್ಪಿಸಿಕೊಂಡವರು ವರ್ಷವಿಡೀ ಮನೆಯಲ್ಲಿ ಕೂರಬೇಕಿಲ್ಲ: ಅಪ್ರೆಂಟಿಸ್‌ಷಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಅರ್ಜಿ ಹಾಕಲು ವರ್ಷದ ಎಲ್ಲ ತಿಂಗಳೂ ಅವಕಾಶವಿದೆ, ಅದಕ್ಕೆ ಶುಲ್ಕವಿಲ್ಲ.